ಹಿಂದಿನ ಮೇಜಿನ ಕೆಳಗಿನ ಸಾಲು

ಬಟ್ಟೆಯಜ್ಜಿ ಎಂಬ ಹೆಸರನ್ನು ಅವಳಿಗೆ ಇಟ್ಟವರು ಮೂರು ನಾಲ್ಕು ವರ್ಷದ ಮಕ್ಕಳು. ಹೆಗಲ ಮೇಲೆ ಯಾವಾಗಲೂ ಒಂದು ಒರೆಸುವ ಬಟ್ಟೆ ಇರುತ್ತಿತ್ತಲ್ಲ, ಅದಕ್ಕೆ. ಅಜ್ಜಿ ಎನ್ನಿಸಿಕೊಳ್ಳುವ ವಯಸ್ಸೇನೂ ಅಲ್ಲ, ಐವತ್ತಾರು. ಮೊಮ್ಮಕ್ಕಳ ಮಾತಿರಲಿ, ಅವಳಿಗೆ ಮಕ್ಕಳೇ ಇರಲಿಲ್ಲ. ಆದರೆ ಮಕ್ಕಳ ಬಾಯಿಗೆ ಬೀಗ ಹಾಕುವವರು ಯಾರು? ಹನ್ನೆರಡು ವರ್ಷದಲ್ಲಿ ಆ ಹೆಸರು ಎಷ್ಟು ಗಟ್ಟಿಯಾಯಿತೆಂದರೆ, ಸಹಿ ಹಾಕಿಸಲು ದೊಡ್ಡ ಟೀಚರು ಅವಳ ನಿಜವಾದ ಹೆಸರು ಹಿಡಿದು ಕರೆದರೆ, ಇನ್ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು.

ಕೆಲಸ ಶಿಶುವಿಹಾರದ ಬಣ್ಣದ ಕೋಣೆಯಲ್ಲಿ. ಉದ್ದನೆಯ ಕೋಣೆ, ಕಪ್ಪು ಕಲ್ಲುಚಪ್ಪಡಿಯ ನೆಲ, ಮೊಣಕಾಲೆತ್ತರದ ನಾಲ್ಕು ಮೇಜು. ಮಕ್ಕಳು ಬರುವುದಕ್ಕೆ ಎರಡು ಗಂಟೆ ಮೊದಲೇ ಬಂದು ಅವಳು ಮೈದಾ ಹಿಟ್ಟಿಗೆ ಉಪ್ಪು, ನೀರು, ಒಂದು ಚಮಚ ಎಣ್ಣೆ ಹಾಕಿ ನಾದುತ್ತಿದ್ದಳು. ನಾದಿದ್ದನ್ನು ಐದು ಪಾಲು ಮಾಡಿ ನಾಲ್ಕಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಬೆರೆಸಿ, ಐದನೆಯದನ್ನು ಬೆಳ್ಳಗೇ ಬಿಡುತ್ತಿದ್ದಳು. ಒಲೆಯ ಮೇಲೆ ಅಂಟು ಕುದಿಯಬೇಕು. ತೊಟ್ಟಿಯ ಮರಳಿಗೆ ನೀರು ಚಿಮುಕಿಸಬೇಕು. ಬೋಗುಣಿಯಲ್ಲಿ ಸಾಬೂನಿನ ನೊರೆ ಎಬ್ಬಿಸಬೇಕು. ಗೋಣಿಚೀಲದ ತುಂಡು, ಹತ್ತಿ, ಉಪ್ಪುಕಾಗದ, ರೇಷ್ಮೆಯ ಚೂರು ಎಲ್ಲವನ್ನೂ ತಟ್ಟೆಗಳಲ್ಲಿ ಬೇರೆಬೇರೆ ಇಡಬೇಕು.

"ಮೊದಲು ಕೈ ನೋಡ್ಲಿ, ಆಮೇಲೆ ಕಣ್ಣು ನೋಡುತ್ತೆ" ಎನ್ನುವುದು ದೊಡ್ಡ ಟೀಚರ ಮಾತು. ಅವರ ಕಟ್ಟುನಿಟ್ಟಿನ ಕಟ್ಟಳೆಗಳು ಎರಡು. ಮಗು ಮಾಡುವುದರ ಮೇಲೆ ದೊಡ್ಡವರ ಕೈ ಬೀಳಬಾರದು. 'ಇದೇನಿದು?' ಎಂದು ಕೇಳಬಾರದು. ಗೋಡೆಯ ಮೇಲೆ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ಮಗುವಿನ ರಟ್ಟಿನ ಕಡತ. ಮಗು ಮಾಡಿದ್ದೆಲ್ಲ ಅದರೊಳಗೆ ಸೇರಿ, ವರ್ಷದ ಕೊನೆಯ ಶನಿವಾರ ಮಗುವಿನ ಜೊತೆ ಮನೆಗೆ ಹೋಗುತ್ತದೆ. ಅಷ್ಟರಲ್ಲಿ ಪ್ರತಿ ಕೈಗೂ ತನ್ನದೇ ಒಂದು ವರಸೆ ಬಂದಿರುತ್ತದೆ ಎಂದು ದೊಡ್ಡ ಟೀಚರು ತಂದೆ ತಾಯಿಯರಿಗೆ ಹೇಳುತ್ತಿದ್ದರು. ಅವರು ತಲೆ ಆಡಿಸುತ್ತಿದ್ದರು. ನಂಬುತ್ತಿದ್ದರೋ ಇಲ್ಲವೋ, ಹೆತ್ತವರಿಗೆ ಹೆಗ್ಗಣ ಮುದ್ದು.

ಬಟ್ಟೆಯಜ್ಜಿ ಮಾತ್ರ ನಂಬಿದ್ದಳು. ಏಕೆಂದರೆ ಒರೆಸುವವಳು ಅವಳು. ಬಳಿದದ್ದು ಎಲ್ಲಿಗೆ ಹಾರುತ್ತದೆ, ಎಷ್ಟು ದಪ್ಪ ಕೂರುತ್ತದೆ ಎಂಬುದು ಒರೆಸುವವರಿಗೆ ಗೊತ್ತಾದಷ್ಟು ನೋಡುವವರಿಗೆ ಗೊತ್ತಾಗುವುದಿಲ್ಲ. ಆ ವರ್ಷದ ಮಕ್ಕಳಲ್ಲಿ ಒಬ್ಬನಿಗೆ ಅವಳು ಮೇಸ್ತ್ರಿ ಎಂದು ಹೆಸರಿಟ್ಟಿದ್ದಳು. ಗಿಲಾವು ಮಾಡುವವನ ಹಾಗೆ ಬಣ್ಣವನ್ನು ಪದರದ ಮೇಲೆ ಪದರ ಹಾಕಿ ಅಂಗೈಯಿಂದ ಸವರುತ್ತಿದ್ದ. ಚುಕ್ಕಿಬಾಯಿ ಎಂಬವಳು ಒಂದು ಬೆರಳಿನ ತುದಿ ಬಿಟ್ಟು ಬೇರೆ ಬೆರಳನ್ನು ಕೊಳೆ ಮಾಡಿಕೊಂಡವಳಲ್ಲ. ಇನ್ನೊಬ್ಬ ಕೆಸರುರಾಜ, ಯಾವ ಬಣ್ಣ ಕೊಟ್ಟರೂ ಎಲ್ಲವನ್ನೂ ಕಲಸಿ ಕಂದು ಮಾಡಿದ ಮೇಲೆಯೇ ಅವನಿಗೆ ನಿದ್ದೆ. ಚಿಕ್ಕ ಟೀಚರು ತಮಾಷೆಗೆಂದು ಹೆಸರು ಮುಚ್ಚಿ ಒಂದು ಹಾಳೆ ಹಿಡಿದು, "ಇದು ಯಾರದು ಹೇಳಿ ನೋಡೋಣ" ಎಂದರೆ ಬಟ್ಟೆಯಜ್ಜಿ ಪಾತ್ರೆ ತೊಳೆಯುತ್ತಲೇ ಓರೆಗಣ್ಣಿನಲ್ಲಿ ನೋಡಿ ಹೇಳಿಬಿಡುತ್ತಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ. ಅವಳಿಗೆ ಇದ್ದ ಒಂದೇ ಒಂದು ಹೆಮ್ಮೆ ಅದು. ಹೇಳಿಕೊಳ್ಳಲು ಯಾರೂ ಇಲ್ಲದ ಹೆಮ್ಮೆ.

ಒರೆಸುವ ವಿದ್ಯೆ ಅವಳಿಗೆ ಬಂದದ್ದು ಅಣ್ಣನ ಮನೆಯಲ್ಲಿ. ಇಪ್ಪತ್ತಮೂರಕ್ಕೆ ಗಂಡ ಸತ್ತು ಅಲ್ಲಿಗೆ ಬಂದವಳು ಉಗ್ರಾಣದಲ್ಲಿ ಹಾಸಿಗೆ ಹಾಕಿಕೊಂಡು ಇಪ್ಪತ್ತೊಂದು ವರ್ಷ ಇದ್ದಳು. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಇನ್ನೊಬ್ಬರ ಮನೆಯಲ್ಲಿ ಇರುವವರು ಇದ್ದೂ ಇಲ್ಲದ ಹಾಗೆ ಇರಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ನಾನ ಮಾಡಿ ಬಂದರೆ ತನ್ನ ಒದ್ದೆ ಹೆಜ್ಜೆಗಳನ್ನು ತಾನೇ ಒರೆಸಿಕೊಂಡು ಬರುತ್ತಿದ್ದಳು. ಬಾಚಣಿಗೆಯಲ್ಲಿ ಕೂದಲು ಬಿಟ್ಟವಳಲ್ಲ, ಲೋಟವನ್ನು ಮೇಜಿನ ಮೇಲೆ ಮರೆತವಳಲ್ಲ. "ನೀನು ಮನೇಲಿರೋದೇ ಗೊತ್ತಾಗಲ್ಲ ಕಣೇ" ಎಂದು ಅತ್ತಿಗೆ ಒಮ್ಮೆ ಮೆಚ್ಚಿ ಹೇಳಿದ್ದಳು. ಅದನ್ನು ಬಹುಮಾನದ ಹಾಗೆ ಎಷ್ಟೋ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು ಪಾಪದವಳು. ಅಣ್ಣನ ಮಗನಿಗೆ ಮದುವೆಯಾಗಿ ಉಗ್ರಾಣ ಬೇಕಾದಾಗ ಅವಳೇ ಬೇರೆ ಕೋಣೆ ಹುಡುಕಿಕೊಂಡಳು. ಹೊರಡುವ ದಿನ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದಳು. ಇಪ್ಪತ್ತೊಂದು ವರ್ಷ ಒಬ್ಬ ಹೆಂಗಸು ಅಲ್ಲಿ ಮಲಗಿದ್ದಳು ಎಂದು ಹೇಳುವ ಒಂದು ಕಲೆಯೂ ಗೋಡೆಯ ಮೇಲಿರಲಿಲ್ಲ.

ಈಗಿನ ಕೋಣೆ ಒಬ್ಬ ದರ್ಜಿಯ ಅಂಗಡಿಯ ಮೇಲೆ. ಒಂದು ಕಿಟಕಿ, ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಎರಡನೆಯ ಕುರ್ಚಿ ಯಾರಿಗೆ? ಭಾನುವಾರವೆಲ್ಲ ಒಂದು ಮಾತೂ ಆಡದೆ ಸೋಮವಾರ ಬೆಳಿಗ್ಗೆ ಅವಳ ಗಂಟಲು ಕಟ್ಟಿರುತ್ತಿತ್ತು. ಮಕ್ಕಳ ಮುಂದೆ ದನಿ ಕೀರಲಾದೀತು ಎಂದು ಬಣ್ಣದ ಕೋಣೆಗೆ ಬಂದು ಮೊದಲು ಬಕೆಟ್ಟಿನ ಜೊತೆ ನಾಲ್ಕು ಮಾತಾಡುತ್ತಿದ್ದಳು. "ಏನಪ್ಪಾ, ಚೆನ್ನಾಗಿದೀಯಾ? ನಿನ್ನ ಹಿಡಿ ಸಡಿಲ ಆಗಿದೆ ನೋಡು." ಬಕೆಟ್ಟು ಎಂದೂ ಎದುರಾಡಿದ್ದಿಲ್ಲ.

ಆ ವರ್ಷ ಒಬ್ಬಳು ನಾಲ್ಕು ವರ್ಷದವಳು ಬಂದಳು. ಯಾವಾಗಲೂ ಅಂಗಿಯ ಎರಡು ಜೇಬಿನಲ್ಲಿ ಎರಡು ಕೈ. ಬಟ್ಟೆಯಜ್ಜಿ ಅವಳನ್ನು ಜೇಬಮ್ಮ ಎಂದು ಕರೆದಳು. ಬಣ್ಣದ ಬಟ್ಟಲು ಮುಂದಿಟ್ಟರೆ ಜೇಬಮ್ಮ ಒಂದು ಹೆಜ್ಜೆ ಹಿಂದೆ, ಅಂಟು ತಂದರೆ ಎರಡು ಹೆಜ್ಜೆ ಹಿಂದೆ. ನೊರೆ ಮುಟ್ಟಿಸಲು ಹೋದ ದಿನ ಅತ್ತು ಉಸಿರು ಕಟ್ಟಿಕೊಂಡಿತ್ತು ಮಗು. ಒದ್ದೆಯಾದದ್ದು ಯಾವುದೂ ಅವಳಿಗೆ ಆಗದು. ಊರಿಗೆ ಒಂದು ದಾರಿಯಾದರೆ ಇವಳಿಗೇ ಒಂದು ದಾರಿ ಎಂದು ಚಿಕ್ಕ ಟೀಚರು ಕೈಬಿಟ್ಟರು. ಮಗು ಹಿಂದಿನ ಮೇಜಿನ ಕೆಳಗೆ ಹೋಗಿ ಕೂರತೊಡಗಿತು. ಮೊಳೆಗೆ ತೂಗುಹಾಕಿದ ಅವಳ ಕಡತ ಖಾಲಿಯಾಗಿ, ಫ್ಯಾನಿನ ಗಾಳಿಗೆ ಉಳಿದವಕ್ಕಿಂತ ಹೆಚ್ಚು ಅಲ್ಲಾಡುತ್ತಿತ್ತು.

ಅವಳನ್ನು ಕರೆದೊಯ್ಯಲು ಬರುತ್ತಿದ್ದವನು ಅಪ್ಪ, ಬಸ್ ಕಂಡಕ್ಟರ್. ಮನೆಯಲ್ಲಿ ಅವರಿಬ್ಬರೇ. ದಿನವೂ ಬಾಗಿಲಲ್ಲಿ ಬಗ್ಗಿ ಕೇಳುತ್ತಿದ್ದ, "ಇವತ್ತು ಏನ್ ಮಾಡಿದೆ ಮಗಳೇ?"

"ಮಾಡಿದೆ" ಎನ್ನುತ್ತಿದ್ದಳು ಜೇಬಮ್ಮ. ಏನು ಎಂದು ಹೇಳುತ್ತಿರಲಿಲ್ಲ. ಅವನು ಖಾಲಿ ಕಡತದ ಕಡೆ ಒಮ್ಮೆ ನೋಡಿ, ಮುಖ ಸಪ್ಪೆ ಮಾಡಿಕೊಂಡು, ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಬಟ್ಟೆಯಜ್ಜಿಗೂ ಅದು ಸುಳ್ಳು ಎಂದೇ ಅನ್ನಿಸುತ್ತಿತ್ತು. ಅಪ್ಪನಿಗೆ ಬೇಜಾರಾಗದಿರಲಿ ಎಂದು ಹೇಳುವ ಸುಳ್ಳು. ಅಷ್ಟು ಚಿಕ್ಕ ಮಗುವಿಗೆ ಅಷ್ಟು ಬುದ್ಧಿ ಬಂತಲ್ಲ ಎಂದು ಮರುಗುತ್ತಿದ್ದಳು.

ಈಗ ಅವಳ ಒಂದು ಗುಟ್ಟಿನ ಸಂತೋಷದ ಸಂಗತಿ ಹೇಳಬೇಕು. ಹಿಟ್ಟಿನಾಟ ಮುಗಿದ ಮೇಲೆ ಚೂರುಗಳು ನೆಲದ ತುಂಬ ಬಿದ್ದಿರುತ್ತವೆ. ಫ್ಯಾನಿನ ಗಾಳಿಗೆ ಒಣಗಿ ಕಾಳಿನಷ್ಟು ಗಟ್ಟಿಯಾಗುತ್ತವೆ. ಗುಡಿಸುವುದು ಸುಲಭವಲ್ಲ, ಪೊರಕೆಗೆ ಸಿಕ್ಕಿ ಆ ಕಡೆ ಈ ಕಡೆ ಹಾರುತ್ತವೆ. ಆದರೆ ಆ ವರ್ಷ ಹಿಂದಿನ ಮೇಜಿನ ಕೆಳಗಿನ ಚೂರುಗಳು ಮಾತ್ರ ಚೆಲ್ಲಾಪಿಲ್ಲಿಯಾಗಿ ಇರುತ್ತಿರಲಿಲ್ಲ. ಕಲ್ಲಿನ ಸಂದಿನ ಉದ್ದಕ್ಕೂ ಸಾಲಾಗಿ, ಒತ್ತಾಗಿ ಇರುತ್ತಿದ್ದವು. ಪೊರಕೆಯನ್ನು ಒಮ್ಮೆ ಎಳೆದರೆ ಸಾಕು, ಎಲ್ಲ ಕಸದ ಮೊರದೊಳಗೆ. ಮೊದಲ ದಿನ ಅವಳು ನಿಂತುಬಿಟ್ಟಳು. ಯಾವುದೋ ಮಗು ತನಗೆ ಕಷ್ಟವಾಗದಿರಲಿ ಎಂದು ಕಸವನ್ನು ಒಂದೆಡೆ ಮಾಡಿಟ್ಟಿದೆ! ಚಪ್ಪಡಿಯ ಮೂಲೆಗಳಲ್ಲಿ ಒಂದೊಂದು ಕೆಂಪು ಚೂರು ಮಾತ್ರ ಸಾಲಿನಿಂದ ದೂರ ಉಳಿದಿರುತ್ತಿತ್ತು. 'ಪಾಪ, ಕೈಗೆ ಎಟುಕಿಲ್ಲ' ಎಂದುಕೊಂಡು ಅವಳೇ ಅದನ್ನು ಹೆಕ್ಕಿ ಮೊರಕ್ಕೆ ಹಾಕುತ್ತಿದ್ದಳು.

ಹೀಗೆ ತಿಂಗಳುಗಟ್ಟಲೆ ನಡೆಯಿತು. ಯಾರು ಎಂದು ಅವಳು ಹುಡುಕಲಿಲ್ಲ. ಯಾರೆಂದು ಗೊತ್ತಾದರೆ ಎಲ್ಲಿ ನಿಂತುಹೋಗುವುದೋ ಎಂಬ ಹೆದರಿಕೆ. ಸಂಜೆ ಕೋಣೆಗೆ ಹೋಗಿ ಒಂದೇ ಕುರ್ಚಿಯಲ್ಲಿ ಕೂತು, ನನ್ನನ್ನೂ ನೆನೆಯುವವರು ಒಬ್ಬರಿದ್ದಾರೆ ಎಂದು ಯೋಚಿಸುತ್ತಿದ್ದಳು. ಆ ಯೋಚನೆಯ ಜೊತೆಗೆ ಊಟ ಮಾಡಿದರೆ ಊಟ ಚೆನ್ನಾಗಿ ಸೇರುತ್ತಿತ್ತು.

ವರ್ಷದ ಕೊನೆಯ ವಾರ. ಗುರುವಾರ ಬೆಳಿಗ್ಗೆ ಕುದಿಯುವ ಅಂಟಿನ ಪಾತ್ರೆ ಜಾರಿ ಅವಳ ಬಲಗೈ ಬೆಂದಿತು. ಮದ್ದು ಹಚ್ಚಿ ಪಟ್ಟಿ ಸುತ್ತಿಸಿಕೊಂಡು ಬಂದಳೇ ಹೊರತು ಮನೆಗೆ ಹೋಗಲಿಲ್ಲ. ಮನೆಯಲ್ಲಿ ಇರುವುದಾದರೂ ಏನು? ಮಕ್ಕಳು ಹೊರಗೆ ಆಡಲು ಹೋದ ಮೇಲೆ ಎಡಗೈಯಲ್ಲಿ ಪೊರಕೆ ಹಿಡಿದಳು. ಬರಲಿಲ್ಲ. ಕೊನೆಗೆ ಹಿಂದಿನ ಮೇಜಿನ ಪಕ್ಕ ಮಂಡಿಯೂರಿ, ಬಗ್ಗಿ, ಬೆರಳಲ್ಲೇ ಹೆಕ್ಕೋಣ ಎಂದು ಕೈ ಚಾಚಿದಳು. ಹನ್ನೆರಡು ವರ್ಷದಲ್ಲಿ ಆ ನೆಲಕ್ಕೆ ಅವಳ ಕಣ್ಣು ಅಷ್ಟು ಹತ್ತಿರ ಹೋದದ್ದು ಅದೇ ಮೊದಲು.

ಎರಡು ನೀಲಿ, ಒಂದು ಹಳದಿ. ಎರಡು ನೀಲಿ, ಒಂದು ಹಳದಿ. ಸಾಲು ಕಲ್ಲಿನ ಸಂದನ್ನು ಹಿಡಿದು ಹೋಗುತ್ತಿತ್ತು. ಚೂರುಗಳೆಲ್ಲ ಒಂದೇ ಗಾತ್ರ. ಮೂಲೆ ಬಂದಲ್ಲಿ ಸಾಲು ನಿಂತು, ಒಂದು ಬೆರಳಿನಷ್ಟು ಜಾಗ ಖಾಲಿ ಬಿಟ್ಟು, ಒಂದೇ ಒಂದು ಕೆಂಪು. ಆಮೇಲೆ ಮತ್ತೆ ಎರಡು ನೀಲಿ. ಮುಂದಿನ ಮೂಲೆಯಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ ಹಾಗೆಯೇ.

ಕೈ ಎಟುಕದೆ ಉಳಿದದ್ದಲ್ಲ ಆ ಕೆಂಪು. ಅಲ್ಲೇ ಇರಬೇಕು ಎಂದು ಇಟ್ಟದ್ದು. ಇದು ಕಸವಲ್ಲ, ಒಂದು ಕೈಯ ವರಸೆ. ಮೇಸ್ತ್ರಿಯ ಕೈ, ಚುಕ್ಕಿಬಾಯಿಯ ಕೈ ಇದ್ದ ಹಾಗೆಯೇ ಇನ್ನೊಂದು ಕೈ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹೆಸರಿಲ್ಲದ ಹಾಳೆಗಳನ್ನೆಲ್ಲ ಗುರುತು ಹಿಡಿದವಳು ತನ್ನ ಪೊರಕೆಯ ಕೆಳಗಿನದನ್ನು ಕಂಡಿರಲಿಲ್ಲ. ಮರುದಿನ, ಶುಕ್ರವಾರ, ಪಾತ್ರೆ ತೊಳೆಯುವ ನೆಪದಲ್ಲಿ ಕಣ್ಣಿಟ್ಟು ಕಾದಳು. ಜೇಬಮ್ಮ ಮೇಜಿನ ಕೆಳಗೆ ಕೂತು, ಜೇಬಿನಿಂದ ಒಣಗಿದ ಚೂರುಗಳನ್ನು ಒಂದೊಂದಾಗಿ ತೆಗೆದು, ಎರಡು ಕಣ್ಣನ್ನೂ ಕಿರಿದು ಮಾಡಿ ಇಡುತ್ತಿದ್ದಳು. ಬೇರೆಯವರು ಬೀಳಿಸಿದ್ದು ಒಣಗಲಿ ಎಂದು ಕಾದು, ಆರಿಸಿ, ಬಣ್ಣ ನೋಡಿ ಜೇಬು ತುಂಬಿಕೊಳ್ಳುತ್ತಿದ್ದಳು ಅಷ್ಟು ದಿನವೂ. ಒದ್ದೆಯಾದದ್ದು ಆಗದ ಮಗು ಒಣಗಿದ್ದರಲ್ಲಿ ತನ್ನ ದಾರಿ ಮಾಡಿಕೊಂಡಿತ್ತು.

ಬಟ್ಟೆಯಜ್ಜಿಗೆ ಎರಡು ದುಃಖ ಒಟ್ಟಿಗೆ ಬಂತು. ಒಂದು, ಆ ಮಗು ಮಾಡಿದ್ದನ್ನೆಲ್ಲ ದಿನವೂ ತಾನೇ ಗುಡಿಸಿ ಹಾಕಿದ್ದು. ಇನ್ನೊಂದನ್ನು ಹೇಳಿಕೊಳ್ಳಲು ಅವಳಿಗೇ ನಾಚಿಕೆ. ತನಗೆಂದು ಯಾರೂ ಏನನ್ನೂ ಮಾಡಿರಲಿಲ್ಲ. ಮಗು ತನ್ನ ಪಾಡಿಗೆ ತಾನು ಆಡಿಕೊಂಡಿತ್ತು, ಇವಳು ಅದನ್ನು ಪ್ರೀತಿ ಎಂದುಕೊಂಡು ತಿಂಗಳುಗಟ್ಟಲೆ ಊಟ ಮಾಡಿದ್ದಳು. ಆ ಸಾಲನ್ನು ಮಾತ್ರ ಅವಳು ಗುಡಿಸಲಿಲ್ಲ. "ನಾಳೆ ಎಲ್ಲರೂ ಬರ್ತಾರೆ, ಹಿಂದಿನ ಮೇಜಿನ ಕೆಳಗೆ ಕಸ ಹಾಗೇ ಇದೆಯಲ್ಲ" ಎಂದರು ಚಿಕ್ಕ ಟೀಚರು. "ಕೈ ನೋವು, ನಾಳೆ ಬೇಗ ಬಂದು ಮಾಡ್ತೀನಿ" ಎಂದು, ಮರಳಿನ ಖಾಲಿ ತೊಟ್ಟಿಯೊಂದನ್ನು ಮೇಜಿಗೆ ಅಡ್ಡ ಇಟ್ಟು ಹೊರಟಳು. ಹನ್ನೆರಡು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಶನಿವಾರ ಬಣ್ಣದ ಕೋಣೆ ತುಂಬಿತ್ತು. ಕಡತಗಳು ಒಂದೊಂದಾಗಿ ಮೊಳೆಯಿಂದ ಇಳಿದವು. ಕೆಸರುರಾಜನ ತಾಯಿ ಕಂದು ಹಾಳೆಗಳನ್ನು ತಿರುಗಿಸಿ ತಿರುಗಿಸಿ ಮೇಲು ಯಾವುದು ಕೆಳಗು ಯಾವುದು ಎಂದು ಹುಡುಕುತ್ತಿದ್ದಳು. ಕೊನೆಗೆ ಒಂದೇ ಒಂದು ಕಡತ ಉಳಿಯಿತು. ದೊಡ್ಡ ಟೀಚರು ಕಂಡಕ್ಟರನ್ನು ಪಕ್ಕಕ್ಕೆ ಕರೆದರು. ಬಟ್ಟೆಯಜ್ಜಿ ಎರಡು ಮಾರು ದೂರದಲ್ಲಿ ಬಟ್ಟಲು ಜೋಡಿಸುತ್ತಿದ್ದಳು.

"ನೋಡಿ, ವರ್ಷ ಪೂರ್ತಿ ಒಂದು ಹಾಳೇನೂ ಇಲ್ಲ. ಮಗೂಗೆ ಇನ್ನೂ ಕೈ ಬಂದಿಲ್ಲ. ಇನ್ನೊಂದು ವರ್ಷ ಇದೇ ತರಗತೀಲಿ ಇರ್ಲಿ."

"ಜೊತೆಯವರೆಲ್ಲ ಮೇಲೆ ಹೋಗ್ತಾರಲ್ಲ ಟೀಚರ್" ಎಂದ ಕಂಡಕ್ಟರ್. "ಮೊದಲೇ ಒಂಟಿ ಮಗು. ನಾನು ದಿನಾ ಕೇಳ್ತೀನಿ, ಮಾಡಿದೆ ಅಂತಾಳೆ."

"ಮಕ್ಕಳು ಹಾಗೆ ಹೇಳ್ತಾರೆ."

"ಮಾಡಿದೀನಿ!" ಎಂದಳು ಜೇಬಮ್ಮ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಎಲ್ಲಾ ಬಟ್ಟೆಯಜ್ಜಿ ಮನೇಲಿದೆ."

"ಅಜ್ಜಿ ಮನೇಲಾ?"

"ಹೂಂ. ದಿನಾ ಮೊರದಲ್ಲಿ ತುಂಬ್ಕೊಂಡು ಹೋಗ್ತಾಳೆ."

ಎಲ್ಲರ ಕಣ್ಣೂ ಬಟ್ಟೆಯಜ್ಜಿಯ ಮೇಲೆ. ಜೀವಮಾನವೆಲ್ಲ ಯಾರ ಕಣ್ಣಿಗೂ ಬೀಳದ ಹಾಗೆ ಇದ್ದವಳು ಕೋಣೆಯ ನಡುವೆ ನಿಂತಿದ್ದಳು. ಹೂಂ, ಇದೆ ಎಂದರೆ ಮಗುವಿನ ಮುಖ ಅರಳೀತು. ಆದರೆ 'ತಂದು ತೋರಿಸಿ' ಎಂದರೆ? ಕಡತ ಖಾಲಿ, ಮಗು ಸುಳ್ಳುಬುರುಕಿ, ಮತ್ತೊಂದು ವರ್ಷ ಮೇಜಿನ ಕೆಳಗೆ ಒಬ್ಬಳೇ. ಇಲ್ಲ ಎಂದರೆ, ತನ್ನನ್ನು ಅಷ್ಟು ನಂಬಿದ ಒಂದೇ ಒಂದು ಜೀವದ ಎದುರಿಗೆ ತಾನು ಏನಾಗುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲಿ ಬನ್ನಿ ಟೀಚರ್" ಎಂದು ತೊಟ್ಟಿ ಸರಿಸಿದಳು. "ಬಗ್ಗಿ ನೋಡ್ಬೇಕು."

ದೊಡ್ಡ ಟೀಚರು ಕನ್ನಡಕ ಸರಿಮಾಡಿಕೊಂಡು, ಸೊಂಟ ಹಿಡಿದುಕೊಂಡು, ಕೊನೆಗೆ ನೆಲಕ್ಕೇ ಮಂಡಿಯೂರಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ, "ಮೂಲೆ ಮೂಲೇಲೂ ಕೆಂಪು" ಎಂದರು ಮೆಲ್ಲಗೆ.

"ದಿನಾ ಹಾಗೇ ಇಡ್ತಾಳೆ ಟೀಚರ್. ಎಂಟು ತಿಂಗಳಿಂದ. ಇವಳು ಹೇಳಿದ್ದು ನಿಜ. ಸುಳ್ಳಾದೋಳು ನಾನು." ಬಟ್ಟೆಯಜ್ಜಿಯ ದನಿ ಸೋಮವಾರದ ಬೆಳಗಿನ ದನಿಯಾಗಿತ್ತು. ಅವಳು ಮಗುವಿನ ಕಡೆ ತಿರುಗಿದಳು. "ನನ್ನ ಮನೇಲಿ ಇಲ್ಲ ಕಣಮ್ಮಾ. ಕಸ ಅಂದ್ಕೊಂಡೆ. ಗುಡಿಸಿ ಕಸದ ತೊಟ್ಟಿಗೆ ಹಾಕ್ಬಿಟ್ಟೆ."

"ಎಲ್ಲಾನೂ?"

"ಎಲ್ಲಾನೂ."

ಕಂಡಕ್ಟರ್ ಮಧ್ಯೆ ಬಂದ. ಒಳ್ಳೆಯವನು. "ಹೋಗ್ಲಿ ಬಿಡಿ ಅಮ್ಮಾ, ನಾನೂ ಅಂಗಿ ಒಗೆಯೋವಾಗ ಜೇಬು ಝಾಡಿಸಿ ಬಿಸಾಕ್ತಿದ್ದೆ. ನಮಗೇನ್ ಗೊತ್ತು?"

ದೊಡ್ಡ ಟೀಚರು ಖಾಲಿ ಕಡತ ತೆರೆದು, 'ನೆಲದ ಮೇಲೆ, ಒಣ ಹಿಟ್ಟಿನ ಚೂರು, ಪ್ರತಿದಿನ' ಎಂದು ಬರೆದು ಸಹಿ ಹಾಕಿದರು. "ಮೇಲಿನ ತರಗತಿಗೆ ಕಳಿಸಿ" ಎಂದರು ಚಿಕ್ಕ ಟೀಚರಿಗೆ. ಆ ಮಾತು ಕೇಳಿ ಕಂಡಕ್ಟರ್ ಮುಖ ಒರೆಸಿಕೊಂಡ. ಜೇಬಮ್ಮ ಅತ್ತ ನೋಡಲೇ ಇಲ್ಲ. ಅವಳು ಬಟ್ಟೆಯಜ್ಜಿಯನ್ನೇ ನೋಡುತ್ತಿದ್ದಳು.

"ನಿಂಗೇ ಮಾಡಿದ್ದು ಅದು" ಎಂದಳು. "ಎಲ್ಲಾರ್ದೂ ಅವರವರ ಮನೆಗೆ ಹೋಗುತ್ತೆ. ನಿಂಗೆ ಯಾರೂ ಕೊಡಲ್ಲ ಅಲ್ವಾ. ಅದಕ್ಕೆ ನಾನು ದಿನಾ ಮಾಡಿಡ್ತಿದ್ದೆ."

ಎಂಟು ತಿಂಗಳು ಬಟ್ಟೆಯಜ್ಜಿ ಅಂದುಕೊಂಡಿದ್ದು ಸರಿಯಾಗಿಯೇ ಇತ್ತು. ಯಾರೋ ಅವಳಿಗೆಂದೇ ಮಾಡಿ ಇಡುತ್ತಿದ್ದರು. ಅದನ್ನು ತನ್ನ ಕೈಯಾರೆ ದಿನವೂ ತೊಟ್ಟಿಗೆ ಸುರಿದಿದ್ದಳು.

"ಅಜ್ಜಿಗೆ ಟಾಟಾ ಮಾಡು" ಎಂದ ಅಪ್ಪ ಬಾಗಿಲಲ್ಲಿ. ಜೇಬಮ್ಮನ ಎರಡು ಕೈಯೂ ಜೇಬಿನಲ್ಲೇ ಇದ್ದವು. ಮಗು ಹಿಂದಿರುಗಿ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಶುಕ್ರವಾರದ ಸಾಲಿನ ಮುಂದೆ ಕೂತಳು. ರಜೆಗೆ ನೆಲ ತೊಳೆಯಲೇಬೇಕಿತ್ತು. ಎಡಗೈಯಲ್ಲಿ ಒಂದೊಂದೇ ಚೂರನ್ನು ಹೆಕ್ಕಿ ಊಟದ ಡಬ್ಬಿಗೆ ಹಾಕಿದಳು. ಮನೆಗೆ ಹೋಗಿ ಮುಚ್ಚಳ ತೆಗೆದರೆ ಎಲ್ಲ ಕಲಸಿಹೋಗಿ ಒಂದು ಹಿಡಿ ಬಣ್ಣದ ಕಸವಾಗಿತ್ತು. ಕುರ್ಚಿ ಸರಿಸಿ, ಗೋಡೆಯ ಬದಿಗೆ ಇಡತೊಡಗಿದಳು. ಎರಡು ನೀಲಿ, ಒಂದು ಹಳದಿ. ಮೂಲೆಯಲ್ಲಿ ಜಾಗ ಬಿಟ್ಟು ಒಂದು ಕೆಂಪು. ಲೆಕ್ಕ ತಪ್ಪಲಿಲ್ಲ. ಆದರೂ ಇಟ್ಟು ಮುಗಿಸಿ ನೋಡಿದಾಗ ಅದು ಆ ಕೈಯದಲ್ಲ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಕೈಗಳನ್ನು ಗುರುತು ಹಿಡಿಯುವುದರಲ್ಲಿ ಅವಳು ತಪ್ಪಿದವಳಲ್ಲವಲ್ಲ. ಗೋಡೆಗೆ ಒರಗಿ ಕೂತು ಗಟ್ಟಿಯಾಗಿ ಅತ್ತಳು. ಅಣ್ಣನ ಮನೆಯಲ್ಲಿ ಇಪ್ಪತ್ತೊಂದು ವರ್ಷ ಹಾಗೆ ಅತ್ತಿರಲಿಲ್ಲ.

ಭಾನುವಾರ ಕೆಳಗಿನ ದರ್ಜಿ ಅಂಗಡಿಯ ಬೀಗದ ಕೈ ಕೊಟ್ಟುಹೋಗಲು ಮೇಲೆ ಬಂದ. ಆ ಕೋಣೆಯಲ್ಲಿ ಒಂದು ಕಡ್ಡಿಯೂ ಬಿದ್ದದ್ದನ್ನು ಅವನು ಕಂಡಿರಲಿಲ್ಲ.

"ಏನಮ್ಮಾ, ಕೈ ನೋವಾ? ಕಸ ಹಾಗೇ ಬಿದ್ದಿದೆ. ನಮ್ಮ ಹುಡುಗೀನ ಕಳಿಸ್ಲಾ ಗುಡಿಸೋಕೆ?"

"ಬೇಡಪ್ಪಾ, ಕಸ ಅಲ್ಲ ಅದು" ಎಂದಳು ಬಟ್ಟೆಯಜ್ಜಿ. "ನಂಗೆ ಕೊಟ್ಟಿದ್ದು. ದಾಟ್ಕೊಂಡು ಬನ್ನಿ."